ಆಟ ನೋಡೋದಾ, ಆಡೋದಾ? ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಪ್ರತಿ ಭಾನುವಾರ ಸಂಜೆ ಓಣಿಯ ಮಕ್ಕಳು ವಿಡಿಯೊ ಗೇಮ್ ಆಡಲು ಸೇರುತ್ತಾರೆ. ಇರುವುದು ಒಂದು ಟಿವಿ, ಅದಕ್ಕೆ ಜೋಡಿಸಿ ಆಡುವ ಒಂದು ಸೆಕೆಂಡ್ ಹ್ಯಾಂಡ್ ಕನ್ಸೋಲ್, ಎರಡು ಹಳೆ ಲ್ಯಾಪ್‌ಟಾಪ್, ಕೈಯಲ್ಲಿ ಹಿಡಿದು ಬಟನ್ ಒತ್ತುವ ಮೂರು ಕಂಟ್ರೋಲರ್. ಮಕ್ಕಳನ್ನು ಕರೆದೊಯ್ಯಲು ಬರುವ ತಂದೆ ತಾಯಿ ಬಾಗಿಲಲ್ಲೇ ನಿಂತು ಏನಾದರೂ ಕೇಳುತ್ತಾರೆ. ಕಾಲೇಜು ಹುಡುಗರು ವಾಟ್ಸಾಪ್‌ನಲ್ಲಿ ಕೇಳುತ್ತಾರೆ. ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಅದಕ್ಕೆ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಯೂಟ್ಯೂಬ್‌ನಲ್ಲಿ ಇಡೀ ಆಟ ನೋಡಬಹುದಲ್ಲ, ನಾನೇ ಯಾಕೆ ಆಡಬೇಕು?

ನಮ್ಮೂರಿನವರಿಗೆ ಇದನ್ನು ಹೇಳುವುದು ಸುಲಭ. ಗೋಳಗುಮ್ಮಟದ ವಿಡಿಯೊ ಎಷ್ಟು ಬೇಕಾದರೂ ಸಿಗುತ್ತವೆ. 1656ರಲ್ಲಿ ಮುಗಿದ ಕಟ್ಟಡ, ಸುಮಾರು 44 ಮೀಟರ್ ಅಗಲದ ಗುಮ್ಮಟ, ಒಂದು ಸಲ ಕೂಗಿದರೆ ಮತ್ತೆ ಮತ್ತೆ ತಿರುಗಿ ಕೇಳುವ ದನಿ, ಎಲ್ಲವೂ ವಿಡಿಯೊದಲ್ಲೇ ಗೊತ್ತಾಗುತ್ತದೆ. ಆದರೆ ಮೂಲೆಯ ಮಿನಾರಿನ ಕಡಿದಾದ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ ಗುಮ್ಮಟದೊಳಗಿನ ಮೊಗಸಾಲೆಗೆ ಬಂದು, ಗೋಡೆಗೆ ಬಾಯಿ ಹಚ್ಚಿ ನೀವು ತಂಗಿಯ ಹೆಸರು ಪಿಸುಗುಟ್ಟುತ್ತೀರಿ. ಆಚೆ ಕಡೆ ನಿಂತ ಆಕೆ ಥಟ್ಟನೆ ತಿರುಗುತ್ತಾಳೆ. ಅದು ವಿಡಿಯೊದಲ್ಲಿ ಇಲ್ಲ. ಅಲ್ಲಿ ಕೇಳಿಸಿದ್ದು ನಿಮ್ಮ ದನಿ.

ವಿಡಿಯೊ ಗೇಮ್ ಕೂಡ ಹಾಗೇ ಕಟ್ಟಿದ್ದು. ಒಳಗೆ ಬಂದು ಯಾರಾದರೂ ಕೂಗುವವರೆಗೆ ಅದು ಸುಮ್ಮನೆ ನಿಂತಿರುತ್ತದೆ.

ಒಂದು ಉದಾಹರಣೆ ಹತ್ತಿರದಿಂದ ನೋಡೋಣ. 1985ರಲ್ಲಿ ನಿಂಟೆಂಡೊ ಕಂಪನಿ ತಂದ ಸೂಪರ್ ಮಾರಿಯೊ ಬ್ರದರ್ಸ್ ತಗೊಳ್ಳಿ. ಬಟನ್ ಒತ್ತಿದರೆ ಮಾರಿಯೊ ಹಾರುತ್ತಾನೆ. ಮುಟ್ಟಿ ಬಿಟ್ಟರೆ ಗಿಡ್ಡ ಜಿಗಿತ. ಒತ್ತಿ ಹಿಡಿದರೆ ಎತ್ತರದ ಜಿಗಿತ. ಓಡುತ್ತಾ ಹಾರಿದರೆ ಇನ್ನೂ ದೂರ ಹೋಗುತ್ತಾನೆ. ಗಾಳಿಯಲ್ಲಿರುವಾಗಲೂ ಸ್ವಲ್ಪ ಹಿಂದೆ ಮುಂದೆ ಎಳೆಯಬಹುದು. ವಿಡಿಯೊದಲ್ಲಿ ನಿಮಗೆ ಕಾಣುವುದು ಜಿಗಿತ ಮಾತ್ರ. ಆಡುವವನ ಹೆಬ್ಬೆರಳು ಬಟನ್ ಮೇಲೆ ಎಷ್ಟು ಹೊತ್ತು ಇತ್ತು, ಯಾವಾಗ ಬಿಟ್ಟ, ಬಿಡುವ ಮೊದಲು ಒಂದು ಕ್ಷಣ ಅನುಮಾನ ಬಂತಾ, ಇದು ಯಾವುದೂ ಕಾಣುವುದಿಲ್ಲ. ಆಟ ಇರುವುದು ಅದರಲ್ಲೇ. ನೋಡುವವನಿಗೆ ಏನಾಯಿತು ಅನ್ನುವುದು ತಿಳಿಯುತ್ತದೆ. ಆಡುವವನ ಮುಂದೆ ಈಗ ಏನು ಮಾಡಲಿ ಅನ್ನುವ ಪ್ರಶ್ನೆ ಬಂದು ನಿಲ್ಲುತ್ತದೆ.

ಇದು ನಿಮ್ಮ ಅನಿಸಿಕೆ ಮಾತ್ರಾನಾ, ಇದಕ್ಕೆ ಏನಾದರೂ ಆಧಾರ ಇದೆಯಾ?

ನನಗೆ ಬಹಳ ಹಿಡಿಸಿದ ಪ್ರಯೋಗ ಒಂದಿದೆ. ಅದು ವಿಡಿಯೊ ಗೇಮ್ ಮನೆಗಳಿಗೆ ಬರುವ ಮೊದಲಿನದು. 1963ರಲ್ಲಿ ರಿಚರ್ಡ್ ಹೆಲ್ಡ್ ಮತ್ತು ಅಲನ್ ಹೈನ್ ಎಂಬ ಇಬ್ಬರು ಅಮೆರಿಕದ ವಿಜ್ಞಾನಿಗಳು ಬೆಕ್ಕಿನ ಮರಿಗಳನ್ನು ಕತ್ತಲಲ್ಲಿ ಬೆಳೆಸಿದರು. ದಿನಕ್ಕೆ 3 ತಾಸು ಮಾತ್ರ ಬೆಳಕಿಗೆ ತಂದು, ಜಾತ್ರೆಯ ತಿರುಗುವ ಕುದುರೆಯಂಥ ಒಂದು ಚೌಕಟ್ಟಿಗೆ ಎರಡೆರಡು ಮರಿಗಳನ್ನು ಕಟ್ಟುತ್ತಿದ್ದರು. ಒಂದು ಮರಿ ತನ್ನ ಕಾಲಿನಿಂದ ನಡೆಯುತ್ತಿತ್ತು. ಇನ್ನೊಂದು ಪುಟ್ಟ ತೊಟ್ಟಿಲಲ್ಲಿ ಕೂತಿರುತ್ತಿತ್ತು. ಮೊದಲನೆಯದು ನಡೆದಂತೆ ಎರಡನೆಯದರ ತೊಟ್ಟಿಲೂ ತಿರುಗುತ್ತಿತ್ತು. ಎರಡಕ್ಕೂ ಕಾಣುತ್ತಿದ್ದದ್ದು ಒಂದೇ ಥರದ ದೃಶ್ಯ.

ಆಮೇಲೆ ಪರೀಕ್ಷೆ ಮಾಡಿದರು. ನಡೆದ ಮರಿಯನ್ನು ಎತ್ತಿ ಮೇಜಿನ ಹತ್ತಿರ ತಂದರೆ ಅದು ಮೇಜು ತಾಗುವ ಮೊದಲೇ ಪಂಜ ಚಾಚುತ್ತಿತ್ತು. ಆಳ ಕಂಡರೆ ಹಿಂದೆ ಸರಿಯುತ್ತಿತ್ತು. ತೊಟ್ಟಿಲಲ್ಲಿ ಕೂತು ಅಷ್ಟನ್ನೇ ನೋಡಿದ ಮರಿಗೆ ಅದು ಬರಲಿಲ್ಲ. ಕಣ್ಣು ಚೆನ್ನಾಗೇ ಇತ್ತು, ಕಂಡದ್ದನ್ನು ಕಾಲಿಗೆ ಜೋಡಿಸುವುದು ಮಾತ್ರ ಬಂದಿರಲಿಲ್ಲ. ಆಮೇಲೆ ಬೆಳಕಿನಲ್ಲಿ ತಾನೇ ಓಡಾಡಲು ಬಿಟ್ಟಾಗ ಅದೂ ಕಲಿತುಕೊಂಡಿತು. ಈ ಕೊನೆಯ ಮಾತು ನನಗೆ ಜಾಸ್ತಿ ಮುಖ್ಯ. ಎಷ್ಟು ದಿನ ನೋಡುತ್ತಾ ಕೂತಿದ್ದರೂ ಎದ್ದು ಓಡಾಡಿದರೆ ಸಾಕು, ಕಲಿಯಬಹುದು.

ಆಟದ್ದೇ ಪ್ರಯೋಗ ಬೇಕೆಂದರೆ, 2003ರಲ್ಲಿ ಶಾನ್ ಗ್ರೀನ್ ಮತ್ತು ಡಾಫ್ನಿ ಬವೆಲಿಯರ್ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ್ದು ಇದೆ. ಗೇಮ್ ಆಡುವ ಅಭ್ಯಾಸ ಇಲ್ಲದವರಿಗೆ ದಿನಕ್ಕೆ ಒಂದು ತಾಸಿನಂತೆ 10 ದಿನ ಆಡಿಸಿದರು. ಕೆಲವರಿಗೆ ಓಡುತ್ತಾ ಗುರಿ ಇಡುವ ಆಟ, ಕೆಲವರಿಗೆ ಬೀಳುವ ತುಂಡು ಜೋಡಿಸುವ ಟೆಟ್ರಿಸ್. ಓಡುವ ಆಟ ಆಡಿದವರು ಕಣ್ಣಿನ ಗಮನದ ಪರೀಕ್ಷೆಗಳಲ್ಲಿ ಹೆಚ್ಚು ಸುಧಾರಿಸಿದರು. ಇದು ಆಡುವವರನ್ನು ನೋಡುವವರ ಜೊತೆ ಹೋಲಿಸಿದ ಪ್ರಯೋಗ ಅಲ್ಲ, ಅದನ್ನೂ ಹೇಳಬೇಕು. ಆಟ ಆಡಿದರೆ ಪರೀಕ್ಷೆಯಲ್ಲಿ ಮಾರ್ಕ್ಸ್ ಜಾಸ್ತಿ ಬರುತ್ತೆ ಅಂತಲೂ ಯಾರೂ ತಿಳಿಯಬೇಡಿ. ಅದಕ್ಕೆ ಓದಬೇಕು.

ನನ್ನ ಮಗ ದಿನಾ ಎರಡು ತಾಸು ಬೇರೆಯವರ ಆಟ ನೋಡುತ್ತಾನೆ. ಆಡು ಅಂದರೆ ಒಲ್ಲೆ ಅನ್ನುತ್ತಾನೆ. ಯಾಕೆ?

ಇದನ್ನು ಕೇಳುವ ತಾಯಂದಿರು ಜಾಸ್ತಿ. ಕಾರಣ ಬೇರೆ ಬೇರೆ ಇರುತ್ತವೆ. ಡೇಟಾ ಅಗ್ಗ, ಮೊಬೈಲ್ ಕೈಯಲ್ಲೇ ಇದೆ, ನೋಡುವುದಕ್ಕೆ ಏನೂ ಬೇಕಾಗಿಲ್ಲ. ಮಾತಾಡುತ್ತಾ ಆಡುವವರ ದನಿ ಒಂಟಿಯಾಗಿರುವ ಮಗುವಿಗೆ ಜೊತೆಗಾರನಂತೆ ಅನಿಸುತ್ತದೆ. ಅದೂ ನಿಜ. ಆದರೆ ನಾನು ಕಂಡ ಹಾಗೆ ದೊಡ್ಡ ಕಾರಣ ಹೆದರಿಕೆ. ಸೋತರೆ ಯಾರಾದರೂ ನಗುತ್ತಾರೆ ಅನ್ನುವ ಹೆದರಿಕೆ.

ನಮ್ಮಲ್ಲಿಗೆ 13 ವರ್ಷದ ಒಬ್ಬ ಹುಡುಗ ಬರುತ್ತಿದ್ದ. ಮಾತಿನಲ್ಲಿ ಅವನಿಗೆ ಗೊತ್ತಿಲ್ಲದ ಆಟ ಇಲ್ಲ. ಯಾವ ಬಂದೂಕು ಎಷ್ಟು ಒದೆಯುತ್ತದೆ, ಯಾವ ನಕ್ಷೆಯಲ್ಲಿ ಎಲ್ಲಿ ಅಡಗಬೇಕು, ಎಲ್ಲ ಬಾಯಿಪಾಠ. ಕಂಟ್ರೋಲರ್ ಕೊಟ್ಟರೆ ಮಾತ್ರ ಕೈ ಹಿಂದೆ. "ಬ್ಯಾಡ್ರಿ ಕಾಕಾ, ನೀವ ಆಡ್ರಿ, ನಾ ನೋಡ್ತೀನಿ." ಮೂರು ವಾರ ಹೀಗೇ ಆಯಿತು. ನಾಲ್ಕನೇ ವಾರ ಉಳಿದ ಹುಡುಗರನ್ನು ಚುರುಮುರಿ ತಿನ್ನಲು ಅಂಗಳಕ್ಕೆ ಕಳಿಸಿದೆ. ಅವನನ್ನು ಟಿವಿ ಮುಂದೆ ಒಬ್ಬನನ್ನೇ ಬಿಟ್ಟು ನಾನೂ ಅಡುಗೆಮನೆಗೆ ಹೋದೆ. ಬಾಗಿಲ ಸಂದಿಯಿಂದ ನೋಡಿದರೆ ಮೆಲ್ಲಗೆ ಕಂಟ್ರೋಲರ್ ಎತ್ತಿಕೊಂಡ. ಮೊದಲ ತಗ್ಗಿನಲ್ಲೇ ಬಿದ್ದ. ಮತ್ತೆ ಬಿದ್ದ. ನಾನು ಎಣಿಸುತ್ತಿದ್ದೆ, 11 ಸಲ ಬಿದ್ದ. ಪ್ರತಿ ಸಲ ಬಿದ್ದಾಗಲೂ ಬಾಗಿಲ ಕಡೆ ತಿರುಗಿ ನೋಡುತ್ತಿದ್ದ, ಯಾರಾದರೂ ಇದ್ದಾರಾ ಅಂತ. ಆರೇಳು ಸಲದ ಮೇಲೆ ತಿರುಗುವುದು ಬಿಟ್ಟ. 12ನೇ ಸಲ ದಾಟಿದ. "ಕಾಕಾ, ದಾಟಿದೆ ನೋಡ್ರಿ!" ಅಂತ ಕೂಗಿದ್ದು ಅಂಗಳಕ್ಕೂ ಕೇಳಿಸಿತು.

ಅಷ್ಟು ಆಟ ನೋಡಿದವನಿಗೆ ಆ ತಗ್ಗು ದಾಟುವುದು ಗೊತ್ತಿರಲಿಲ್ಲವಾ? ಗೊತ್ತಿತ್ತು. ಗೊತ್ತಿದ್ದದ್ದು ಕೈಗೆ ಇಳಿದಿರಲಿಲ್ಲ. ನಿಮ್ಮ ಮಗನಿಗೂ ಇಂಥ ಒಂದು ಖಾಲಿ ಕೋಣೆ ಬೇಕಾಗಿರಬಹುದು. ಒಮ್ಮೆ ಮಾಡಿ ನೋಡಿ.

ಸೋಲುವುದರಲ್ಲಿ ಏನು ಸುಖ? ಗೆಲ್ಲುವವರ ಆಟ ನೋಡಿದರೆ ಖುಷಿಯಾದರೂ ಸಿಗುತ್ತದೆ.

ಆಟ ಕಟ್ಟುವವರು ಸೋಲನ್ನು ಪಾಠ ಆಗುವ ಹಾಗೆ ಇಟ್ಟಿರುತ್ತಾರೆ. ಮಾರಿಯೊ ಆಟದ ಮೊದಲ ಪರದೆ ನೆನಪಿಸಿಕೊಳ್ಳಿ. ಅದನ್ನು ಕಟ್ಟಿದ ಶಿಗೆರು ಮಿಯಾಮೊಟೊ ಮತ್ತು ಅವರ ತಂಡ ಅಲ್ಲಿ ಒಂದು ಸಾಲು ಸೂಚನೆ ಕೂಡ ಬರೆದಿಲ್ಲ. ಬಲಗಡೆಯಿಂದ ಅಣಬೆಯಾಕಾರದ ಒಂದು ಸಿಟ್ಟಿನ ಪ್ರಾಣಿ ನಡೆದು ಬರುತ್ತದೆ. ಸುಮ್ಮನೆ ನಿಂತರೆ ಸಾಯುತ್ತೀರಿ. ಸತ್ತರೂ ಹೋದದ್ದು ನಾಲ್ಕೈದು ಸೆಕೆಂಡು ಮಾತ್ರ. ಎರಡನೇ ಸಲ ಹಾರುತ್ತೀರಿ. ಹಾರಿದಾಗ ಮೇಲಿನ ಇಟ್ಟಿಗೆಗೆ ತಲೆ ಬಡಿಯಬಹುದು. ಅಲ್ಲಿಂದ ಇನ್ನೊಂದು ಅಣಬೆ ಹೊರಬರುತ್ತದೆ. ಅದೂ ಶತ್ರು ಇರಬಹುದು ಅಂತ ಓಡಲು ನೋಡುತ್ತೀರಿ. ಅದು ಮುಂದಿನ ಪೈಪಿಗೆ ತಾಗಿ ತಿರುಗಿ ನಿಮ್ಮ ಕಡೆಗೇ ಬರುತ್ತದೆ. ತಪ್ಪಿಸಿಕೊಳ್ಳುವುದು ಕಷ್ಟ. ತಾಗುತ್ತದೆ, ಮಾರಿಯೊ ದೊಡ್ಡವನಾಗುತ್ತಾನೆ. ಅಷ್ಟರಲ್ಲಿ ನೀವು ಆಟದ ಅರ್ಧ ನಿಯಮ ಕಲಿತಿರುತ್ತೀರಿ, ಯಾರೂ ಏನೂ ಹೇಳಿಕೊಟ್ಟಿಲ್ಲ.

ನೋಡುವವನಿಗೆ ಇದೇ ಪರದೆ ಐದು ಸೆಕೆಂಡಿನಲ್ಲಿ ಮುಗಿಯುತ್ತದೆ. ವಿಡಿಯೊ ಮಾಡಿದವನು ಹಾರಿ ಮುಂದೆ ಹೋಗಿರುತ್ತಾನೆ. ಆ ಹೆದರಿಕೆ, ಆ ಅನುಮಾನ, ಓಹೋ ಇದು ಒಳ್ಳೆಯದಾ ಅನ್ನುವ ಆ ಬೆರಗು ನೋಡುವವನ ಪಾಲಿಗೆ ಬರುವುದೇ ಇಲ್ಲ. ಅವನು ಪಾಠ ನೋಡಿದ್ದಾನೆ, ಕಲಿತಿಲ್ಲ.

ಜೋಳದ ರೊಟ್ಟಿ ಬಡಿಯುವುದನ್ನು ನಮ್ಮ ಕಡೆಯ ಯಾವ ಮಗು ನೋಡಿಲ್ಲ ಹೇಳಿ? ಹುಟ್ಟಿದಾಗಿನಿಂದ ನೋಡಿರುತ್ತದೆ. ಆದರೂ ಮೊದಲ ಸಲ ತಾನೇ ಬಡಿಯಲು ಕೂತಾಗ ಅಂಚು ಬಿರಿಯುತ್ತದೆ. ಹಿಟ್ಟಿಗೆ ಬಿಸಿನೀರು ಎಷ್ಟು, ಎಷ್ಟು ನಾದಬೇಕು, ಅಂಗೈ ಎಲ್ಲಿ ಹಗುರ ಆಗಬೇಕು ಅನ್ನುವುದನ್ನು ಬಿರಿದ ಅಂಚೇ ಹೇಳಿಕೊಡುತ್ತದೆ. ಅವ್ವ ಬಡಿದ ರೊಟ್ಟಿಯನ್ನು ಇನ್ನೂ ಸಾವಿರ ಸಲ ನೋಡಿದರೂ ಆ ಒಂದು ಮಾತು ತಿಳಿಯುವುದಿಲ್ಲ.

ಕ್ರಿಕೆಟ್ ನೋಡುತ್ತೇವಲ್ಲ, ಅದೂ ತಪ್ಪಾ?

ಖಂಡಿತ ಇಲ್ಲ. ಆದರೆ ಗಮನಿಸಿ. ಓಣಿಯಲ್ಲಿ ಟೆನಿಸ್ ಬಾಲಿನಲ್ಲಾದರೂ ಬ್ಯಾಟ್ ಬೀಸಿದವನು ಪಂದ್ಯ ನೋಡುವ ರೀತಿಯೇ ಬೇರೆ. ಗರಡಿಮನೆಯಲ್ಲಿ ಒಮ್ಮೆ ಮಣ್ಣು ಮುಟ್ಟಿದ ಹಿರಿಯರು ಜಾತ್ರೆಯ ಕುಸ್ತಿ ನೋಡುವಾಗ ಅವರ ಭುಜ ತಾನಾಗಿ ಅಲುಗುತ್ತದೆ. ಆಡಿದವರಿಗೆ ನೋಟವೂ ಜಾಸ್ತಿ ಸಿಗುತ್ತದೆ. ಹಾಗಾಗಿ ನಾನು ಹೇಳುವುದು ಮೊದಲು ಆಡಿ, ಆಮೇಲೆ ನೋಡಿ ಅಂತ.

ಕಥೆ ಇರುವ ಆಟಗಳಿವೆಯಲ್ಲ, ಅವನ್ನು ಸಿನಿಮಾ ಥರ ನೋಡಿದರೆ ಸಾಲದಾ?

ಕೆಲವಕ್ಕೆ ಸಾಕು ಅನಿಸಬಹುದು. ಆದರೆ ಒಗಟಿನ ಆಟ, ಹುಡುಕಾಟದ ಆಟಗಳನ್ನು ಒಮ್ಮೆ ನೋಡಿಬಿಟ್ಟರೆ ಮತ್ತೆ ಎಂದೂ ನಿಜವಾಗಿ ಆಡಲು ಆಗುವುದಿಲ್ಲ. ಇದು ನನಗೇ ಆಗಿದೆ.

2007ರಲ್ಲಿ ಪೋರ್ಟಲ್ ಎಂಬ ಆಟ ಬಂತು. ಗೋಡೆಯಲ್ಲಿ ಎರಡು ಬಾಗಿಲು ತೆರೆಯಬಹುದು, ಒಂದರಲ್ಲಿ ಹೊಕ್ಕರೆ ಇನ್ನೊಂದರಲ್ಲಿ ಹೊರಬರುತ್ತೀರಿ. ಎತ್ತರದಿಂದ ಒಂದರೊಳಗೆ ಬಿದ್ದರೆ ಅದೇ ವೇಗದಲ್ಲಿ ಇನ್ನೊಂದರಿಂದ ಚಿಮ್ಮುತ್ತೀರಿ. ಇಷ್ಟೇ ನಿಯಮ. ಇದರಲ್ಲಿ 19 ಪರೀಕ್ಷಾ ಕೋಣೆ ದಾಟಬೇಕು. ಆಗ ನನ್ನ ಬಳಿ ಅದು ಓಡುವ ಕಂಪ್ಯೂಟರ್ ಇರಲಿಲ್ಲ. ಆಸೆ ತಡೆಯಲಾರದೆ ಇಡೀ ಆಟವನ್ನು ವಿಡಿಯೊದಲ್ಲಿ ನೋಡಿಬಿಟ್ಟೆ. ವರ್ಷಗಳ ಮೇಲೆ ಲ್ಯಾಪ್‌ಟಾಪ್ ಬಂತು, ಆಟ ಕೊಂಡೆ, ಕೂತೆ. ಪ್ರತಿ ಕೋಣೆಗೆ ಕಾಲಿಟ್ಟ ಕೂಡಲೇ ಉತ್ತರ ಮುಂದೆ ಬಂದು ನಿಲ್ಲುತ್ತಿತ್ತು. ನಾನು ಯೋಚಿಸಲು ನೋಡಿದರೂ ಆಗಲಿಲ್ಲ. ಒಂದೇ ಸಂಜೆಯಲ್ಲಿ ಮುಗಿಯಿತು. ಆ ಬಾಗಿಲುಗಳ ಗುಟ್ಟು ತಲೆಗೆ ಹೊಳೆಯುವ ಆ ಕ್ಷಣ ಜೀವನದಲ್ಲಿ ಒಮ್ಮೆ ಮಾತ್ರ ಸಿಗುವಂಥದ್ದು. ಅದನ್ನು ನಾನು ಇನ್ನೊಬ್ಬರ ಕೈಯಲ್ಲಿ ಖರ್ಚು ಮಾಡಿದೆ. ಇಂದಿಗೂ ಬೇಜಾರಾಗುತ್ತದೆ.

2019ರ ಔಟರ್ ವೈಲ್ಡ್ಸ್ ಇನ್ನೂ ಒಂದು ಹೆಜ್ಜೆ ಮುಂದೆ. ಪುಟ್ಟ ಸೌರಮಂಡಲ. 22 ನಿಮಿಷಕ್ಕೊಮ್ಮೆ ಸೂರ್ಯ ಸಿಡಿದು ಎಲ್ಲ ಮತ್ತೆ ಮೊದಲಿನಿಂದ ಶುರು. ಈ ಆಟದಲ್ಲಿ ನೀವು ಕತ್ತಿ ಗಳಿಸುವುದಿಲ್ಲ, ಶಕ್ತಿ ಗಳಿಸುವುದಿಲ್ಲ. ಒಂದು ಸುತ್ತಿನಿಂದ ಇನ್ನೊಂದಕ್ಕೆ ಜೊತೆ ಬರುವುದು ನಿಮಗೆ ಗೊತ್ತಾದ ಸಂಗತಿ ಮಾತ್ರ. ವಿಡಿಯೊ ನೋಡಿದರೆ ಆ ಸಂಗತಿಯೇ ಪುಕ್ಕಟೆ ಸಿಕ್ಕಿಬಿಡುತ್ತದೆ. ಆಮೇಲೆ ಆಡಲು ಏನೂ ಉಳಿಯುವುದಿಲ್ಲ. ದಯವಿಟ್ಟು ಇಂಥ ಆಟಗಳ ವಿಡಿಯೊ ಮೊದಲೇ ನೋಡಬೇಡಿ. ಆಡುವ ದಿನ ಬರುವವರೆಗೆ ಕಾಯಿರಿ, ಐದು ವರ್ಷ ಆದರೂ ಪರವಾಗಿಲ್ಲ.

ನಮ್ಮ ಬಳಿ ದುಬಾರಿ ಕಂಪ್ಯೂಟರ್ ಇಲ್ಲ. ನೋಡುವುದು ಬಿಟ್ಟರೆ ದಾರಿ ಏನು?

ಈ ಪ್ರಶ್ನೆಯ ನೋವು ನನಗೆ ಗೊತ್ತು, ಈಗಷ್ಟೇ ಹೇಳಿದೆನಲ್ಲ. ಆದರೆ ಒಳ್ಳೆಯ ಆಟಕ್ಕೆ ದೊಡ್ಡ ಯಂತ್ರವೇ ಬೇಕು ಅನ್ನುವುದು ಸರಿಯಲ್ಲ. ಸೂಪರ್‌ಟಕ್ಸ್‌ಕಾರ್ಟ್ ಎಂಬ ಗಾಡಿ ಓಟದ ಆಟ ಪೂರ್ತಿ ಉಚಿತ, ಹಳೆ ಲ್ಯಾಪ್‌ಟಾಪಿನಲ್ಲೂ ಆಂಡ್ರಾಯ್ಡ್ ಫೋನಿನಲ್ಲೂ ಓಡುತ್ತದೆ. ಒಂದೇ ಪರದೆಯನ್ನು ಹೋಳು ಮಾಡಿಕೊಂಡು ಅಕ್ಕಪಕ್ಕ ಕೂತು ಆಡಬಹುದು. ನಮ್ಮ ಪಡಸಾಲೆಯಲ್ಲಿ ಅತಿ ಹೆಚ್ಚು ಗದ್ದಲ ಆಗುವುದು ಇದರಿಂದಲೇ. ಚೆಸ್ ಇಷ್ಟ ಇದ್ದರೆ ಲಿಚೆಸ್ ಇದೆ, ಉಚಿತ, ಜಾಹೀರಾತೂ ಇಲ್ಲ. 2014ರಲ್ಲಿ ಗೇಬ್ರಿಯೆಲೆ ಚಿರುಲ್ಲಿ ಎಂಬ ಇಟಲಿಯ ಹುಡುಗ ಮಾಡಿದ 2048 ಎಂಬ ಅಂಕಿ ಜೋಡಿಸುವ ಆಟ ಯಾವ ಫೋನಿನಲ್ಲೂ ನಡೆಯುತ್ತದೆ. ಬೇಸಿಗೆಯಲ್ಲಿ ಕರೆಂಟ್ ಹೋದಾಗ, ನೆಟ್ ಇಲ್ಲದಾಗ ಇಂಥವೇ ಕೈಹಿಡಿಯುವುದು.

ಕನ್ಸೋಲ್ ಬೇಕೆಂದರೆ ಒಂದು ತಲೆಮಾರು ಹಳೆಯದನ್ನು ಸೆಕೆಂಡ್ ಹ್ಯಾಂಡ್ ನೋಡಿ. ನಾಲ್ಕು ಮನೆಯವರು ಸೇರಿ ಒಂದು ಕೊಂಡರೂ ಸಾಕು. ತೊಂಬತ್ತರ ದಶಕದಲ್ಲಿ ನಾವು ಮಾಡಿದ್ದು ಅದನ್ನೇ. ಇಡೀ ಓಣಿಗೆ ಒಂದು ಟಿವಿ ಗೇಮ್, ಒಂದು ಕ್ಯಾಸೆಟ್. ಸತ್ತವರು ಕಂಟ್ರೋಲರ್ ಮುಂದಿನವರಿಗೆ ಕೊಡಬೇಕು. ಸರದಿ ಬರುವವರೆಗೆ ನಾವೂ ನೋಡುತ್ತಿದ್ದೆವು. ಆದರೆ ಆ ನೋಟದಲ್ಲಿ ಕೈ ತುರಿಸುತ್ತಿತ್ತು, ಮುಂದಿನ ಸರದಿ ನನ್ನದು ಅಂತ.

ನಾನು ದಿನಾ ಮೊಬೈಲ್‌ನಲ್ಲಿ ಬಿಜಿಎಂಐ ಎಂಬ ಗುಂಡಿನ ಕಾಳಗದ ಆಟ ಆಡುತ್ತೇನೆ. ಅಷ್ಟು ಸಾಲದಾ?

ಆಡುತ್ತಿದ್ದೀರಿ, ಒಳ್ಳೆಯದೇ. ಒಂದೇ ಆಟಕ್ಕೆ ಅಂಟಿಕೊಳ್ಳಬೇಡಿ ಅಂತ ಮಾತ್ರ ಹೇಳುತ್ತೇನೆ. 2020ರ ಸೆಪ್ಟೆಂಬರ್ 2ರಂದು ನಮ್ಮ ದೇಶದಲ್ಲಿ ಪಬ್ಜಿ ಮೊಬೈಲ್ ನಿಷೇಧ ಆಯಿತು. 2021ರ ಜುಲೈನಲ್ಲಿ ಅದರದೇ ಭಾರತದ ರೂಪವಾಗಿ ಬಿಜಿಎಂಐ ಬಂತು. 2022ರ ಜುಲೈನಲ್ಲಿ ಅದೂ ಹೋಯಿತು, 2023ರ ಮೇನಲ್ಲಿ ಮರಳಿತು. ಆ ಖಾಲಿ ತಿಂಗಳುಗಳಲ್ಲಿ ನಮ್ಮ ಓಣಿಯ ಹುಡುಗರು ಹೊರದೇಶದವರು ಆಡುವ ವಿಡಿಯೊ ನೋಡುತ್ತಾ ಕೂತರು. ಇನ್ನೊಂದು ಆಟ ಕಲಿಯಲಿಲ್ಲ. ಒಗಟು, ಓಟ, ಊರು ಕಟ್ಟುವುದು, ಒಬ್ಬರೇ ನಡೆಯುವ ಕಥೆ, ಎಲ್ಲವನ್ನೂ ಒಂದಿಷ್ಟು ರುಚಿ ನೋಡಿ. ಪುಣೆಯ ನೋಡಿಂಗ್ ಹೆಡ್ಸ್ ಎಂಬ ತಂಡ 2020ರಲ್ಲಿ ತಂದ ರಾಜಿ ಆಡಿ ನೋಡಿ. ನಮ್ಮ ಪುರಾಣದ ಲೋಕದಲ್ಲಿ ಒಬ್ಬ ಹುಡುಗಿ ತಮ್ಮನನ್ನು ಹುಡುಕಿ ಹೊರಡುವ ಆಟ ಅದು. ದೇವಸ್ಥಾನದ ಕಂಬಗಳ ನಡುವೆ ನೀವೇ ಆಕೆಯನ್ನು ನಡೆಸುವಾಗ ಬಾದಾಮಿ, ಪಟ್ಟದಕಲ್ಲು ಕಂಡ ನಮ್ಮವರಿಗೆ ಏನೋ ಹತ್ತಿರ ಅನಿಸುತ್ತದೆ.

ಗೇಮ್ ಅಂದರೆ ದುಡ್ಡು ಕಳಕೊಳ್ಳುವುದು ಅಂತ ನಮ್ಮ ಮನೆಯಲ್ಲಿ ಹೆದರುತ್ತಾರೆ.

ಆ ಹೆದರಿಕೆಗೆ ಕಾರಣ ಇದೆ. ಆದರೆ ಎರಡು ಬೇರೆ ಸಂಗತಿ. ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸ್ ಮಾಡಿತು. ಅದೇ ಕಾಯ್ದೆ ಇ-ಸ್ಪೋರ್ಟ್ಸ್ ಅಂದರೆ ವಿಡಿಯೊ ಗೇಮ್ ಪಂದ್ಯಗಳಿಗೆ, ಪಣ ಇಲ್ಲದ ಆಟಗಳಿಗೆ ಪ್ರೋತ್ಸಾಹ ಕೊಡುವ ಮಾತನ್ನೂ ಆಡುತ್ತದೆ. ನಾನು ಇಲ್ಲಿ ಹೇಳುತ್ತಿರುವುದು ಪೂರ್ತಿ ಪಣ ಇಲ್ಲದ ಆಟಗಳ ಬಗ್ಗೆ. ಇನ್ನು ಆಟದೊಳಗೆ ಬಟ್ಟೆ, ಬಂದೂಕಿನ ಬಣ್ಣ ಮಾರುವ ಅಂಗಡಿಗಳಿರುತ್ತವೆ. ಮಕ್ಕಳ ಫೋನಿನಲ್ಲಿ ಪಾವತಿಗೆ ಪಾಸ್‌ವರ್ಡ್ ಇಡಿ. ಅದು ಒಂದೇ ನಿಮಿಷದ ಕೆಲಸ.

ಆಡಲು ಬಿಟ್ಟರೆ ಚಟ ಆಗುವುದಿಲ್ಲವಾ?

ಆಗಬಹುದು. ಇದನ್ನು ಮುಚ್ಚಿಟ್ಟು ಮಾತಾಡುವುದು ಸರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಯಲ್ಲಿ ಇದನ್ನು ಸೇರಿಸಿದೆ, 2022ರ ಜನವರಿಯಿಂದ ಆ ಪಟ್ಟಿ ಜಾರಿಯಲ್ಲಿದೆ. ಜಾಸ್ತಿ ಹೊತ್ತು ಆಡಿದ ಮಾತ್ರಕ್ಕೆ ಅದನ್ನು ರೋಗ ಅನ್ನುವುದಿಲ್ಲ. ಆಟದ ಮೇಲೆ ಹಿಡಿತ ತಪ್ಪುವುದು, ಊಟ, ಓದು, ಗೆಳೆಯರಿಗಿಂತ ಆಟವೇ ಮುಖ್ಯ ಆಗುವುದು, ಕೆಡುಕು ಕಂಡರೂ ಬಿಡಲಾಗದಿರುವುದು, ಇದು ಸಾಮಾನ್ಯವಾಗಿ 12 ತಿಂಗಳಾದರೂ ನಡೆದಿದ್ದರೆ ಅದನ್ನು ಗುರುತಿಸುತ್ತಾರೆ. ಅಷ್ಟು ದಿನ ಕಾದು ಕೂರಬೇಕು ಅಂತ ಅರ್ಥ ಅಲ್ಲ. ಮಗು ಬದಲಾಗಿದೆ ಅನಿಸಿದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಶಟ್ ಕ್ಲಿನಿಕ್ ಇದೆ. ಮಾನಸಿಕ ಆರೋಗ್ಯದ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ಒಂದು ಮಾತು ಸೇರಿಸುತ್ತೇನೆ. ಆಡುವವನಿಗೆ ದಣಿವಾಗುತ್ತದೆ. ಬೆರಳು ನೋಯುತ್ತದೆ, ಒಂದೇ ಕಡೆ ಸೋತು ಸಾಕಾಗುತ್ತದೆ, ಎದ್ದು ಹೋಗುತ್ತಾನೆ. ನೋಡುವವನಿಗೆ ದಣಿವಿಲ್ಲ. ಒಂದು ವಿಡಿಯೊ ಮುಗಿದರೆ ಇನ್ನೊಂದು ತಾನೇ ಶುರುವಾಗುತ್ತದೆ. ನಮ್ಮ ಮನೆಗಳಲ್ಲಿ ರಾತ್ರಿ ಒಂದು ಗಂಟೆಯವರೆಗೆ ಹೊದಿಕೆಯೊಳಗೆ ಬೆಳಗುವ ಮೊಬೈಲ್‌ಗಳಲ್ಲಿ ಆಡುವವರಿಗಿಂತ ನೋಡುವವರೇ ನನಗೆ ಜಾಸ್ತಿ ಕಂಡಿದ್ದಾರೆ.

ಹಾಗಾದರೆ ಎಷ್ಟು ಹೊತ್ತು ಬಿಡಬೇಕು?

ಗಡಿಯಾರದ ಬದಲು ಹಂತ ಲೆಕ್ಕ ಹಾಕಿ. "ಈ ಹಂತ ಮುಗಿಸಿ ಏಳು" ಅಂದರೆ ಏಳುತ್ತಾರೆ. ನಡುವೆ ಸ್ವಿಚ್ ಆಫ್ ಮಾಡಿದರೆ ಅಳುತ್ತಾರೆ, ಅದು ನ್ಯಾಯವೂ ಹೌದು. ಸಾಲೆಯ ದಿನ ಅರ್ಧ ತಾಸು, ರಜೆಯಲ್ಲಿ ಒಂದೂವರೆ ತಾಸು ನಮ್ಮ ಮನೆಯ ಲೆಕ್ಕ.

ನನಗೆ 55 ವರ್ಷ. ಈಗ ಕಲಿಯಲು ಆಗುತ್ತದಾ?

ನಮ್ಮ ಅವ್ವ 68ನೇ ವಯಸ್ಸಿಗೆ ಟೆಟ್ರಿಸ್ ಹಿಡಿದರು. 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಜಿತ್ನೊವ್ ಎಂಬ ಎಂಜಿನಿಯರ್ ಮಾಡಿದ ಆಟ. ನಾಲ್ಕು ಚೌಕ ಸೇರಿದ ಏಳು ಥರದ ತುಂಡುಗಳು ಮೇಲಿನಿಂದ ಬೀಳುತ್ತವೆ. ಸಂದಿ ಉಳಿಯದಂತೆ ಜೋಡಿಸಿದರೆ ಸಾಲು ಮಾಯ ಆಗುತ್ತದೆ. ಭಾಷೆ ಬೇಕಾಗಿಲ್ಲ, ಕಥೆ ಬೇಕಾಗಿಲ್ಲ.

ಮೊದಲ ವಾರ ಅವ್ವ ಬರೀ ನೋಡಿದರು. ನನ್ನ ಮಗಳು ಆಡುವಾಗ ಹಿಂದೆ ಕೂತು "ಅಲ್ಲಿ ಇಡು, ಅಲ್ಲಿ ಇಡು" ಅನ್ನುತ್ತಿದ್ದರು. ಮಗಳು ಒಂದು ದಿನ ಫೋನನ್ನೇ ಅವರ ಕೈಗಿಟ್ಟು, "ಆಯಿ, ನೀನ ಇಡು" ಅಂದಳು. ಹಿಂದೆ ಕೂತು ಅಷ್ಟು ಸಲೀಸಾಗಿ ಹೇಳುತ್ತಿದ್ದವರು ಒಂದು ನಿಮಿಷದಲ್ಲಿ ಪರದೆ ತುಂಬಿಸಿಬಿಟ್ಟರು. ಸುಮ್ಮನೆ ಕೂತರು. ಮರುದಿನ ಮಧ್ಯಾಹ್ನ ಎಲ್ಲರೂ ಮಲಗಿದಾಗ ಒಬ್ಬರೇ ಆಡುತ್ತಿದ್ದದ್ದು ಕಂಡೆ. ಈಗ ಎಡಗಡೆ ಮೇಲಿಂದ ಕೆಳಗೆ ಒಂದು ಚೌಕದಗಲದ ಸಂದಿ ಖಾಲಿ ಬಿಟ್ಟು, ಉಳಿದದ್ದನ್ನು ಅಡುಗೆಮನೆಯ ಡಬ್ಬಿ ಜೋಡಿಸಿದ ಹಾಗೆ ಒತ್ತಾಗಿ ಇಟ್ಟು, "ಆ ಉದ್ದನ್ನ ಕೋಲು ಬರ್ಲಿ" ಅಂತ ಕಾಯುತ್ತಾರೆ. ಕೋಲು ಬಂದು ನಾಲ್ಕು ಸಾಲು ಒಮ್ಮೆಗೇ ಹೋದಾಗ ಅವರ ಮುಖ ನೋಡಬೇಕು. ಈ ಉಪಾಯ ಅವರಿಗೆ ಯಾರೂ ಹೇಳಿಕೊಡಲಿಲ್ಲ, ಅವರೇ ಕಂಡುಕೊಂಡದ್ದು. 55 ಏನೂ ದೊಡ್ಡ ವಯಸ್ಸಲ್ಲ.

ಕೈ ಸರಿಯಾಗಿ ನಡೆಯದವರು, ನಿಧಾನ ಇರುವವರು ನೋಡುವುದೇ ವಾಸಿ ಅಲ್ವಾ?

ಅವರ ಪರವಾಗಿ ನಾವು ತೀರ್ಮಾನ ಮಾಡುವುದು ಬೇಡ. 2018ರಲ್ಲಿ ಮೈಕ್ರೋಸಾಫ್ಟ್ ತಂದ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್‌ನಲ್ಲಿ ಅಂಗೈಯಷ್ಟು ದೊಡ್ಡ ಎರಡು ಬಟನ್ ಇವೆ. ಕಾಲಿನಿಂದ, ಮೊಣಕೈಯಿಂದ ಒತ್ತುವ ಸ್ವಿಚ್‌ಗಳನ್ನೂ ಅದಕ್ಕೆ ಜೋಡಿಸಬಹುದು. ಅದೇ ವರ್ಷ ಬಂದ ಸೆಲೆಸ್ಟ್ ಬಹಳ ಕಷ್ಟದ ಬೆಟ್ಟ ಹತ್ತುವ ಆಟ. ಅದರಲ್ಲಿ ಅಸಿಸ್ಟ್ ಮೋಡ್ ಎಂದು ಇದೆ. ಆಟದ ವೇಗ ತಗ್ಗಿಸಬಹುದು, ದಣಿವೇ ಆಗದಂತೆ ಮಾಡಬಹುದು. ನಿಧಾನವಾಗಿ ಹತ್ತಿದರೂ ಬೆಟ್ಟ ಹತ್ತಿದವರು ನೀವೇ.

ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಆಗಲಾದರೂ ವಿಡಿಯೊ ನೋಡಲಾ?

ನೋಡಿ, ಆದರೆ ಕೊನೆಗೆ. ಮೊದಲು ಆಟ ಮುಚ್ಚಿ ಮಲಗಿ. ಬೆಳಿಗ್ಗೆ ಒಂದೇ ಸಲಕ್ಕೆ ದಾಟಿದ್ದು ನನಗೆ ಎಷ್ಟೋ ಸಲ ಆಗಿದೆ. ಆಮೇಲೆ ಆಡಿದ ಗೆಳೆಯನನ್ನು ಕೇಳಿ, ಉತ್ತರ ಬೇಡ, ಸುಳಿವು ಕೊಡು ಅಂತ. ಅದೂ ಆಗದಿದ್ದರೆ ವಿಡಿಯೊದಲ್ಲಿ ಆ ಅರ್ಧ ನಿಮಿಷ ಮಾತ್ರ ನೋಡಿ ಮುಚ್ಚಿಬಿಡಿ. ಮುಂದಿನ ಕೋಣೆ ನೋಡಬೇಡಿ.

ಯಾರ ಆಟವನ್ನೂ ನೋಡಲೇಬಾರದಾ?

ಹಾಗೆ ಹೇಳಿಲ್ಲ. ನಾನೇ ನೋಡುತ್ತೇನೆ. 2010ರಿಂದ ಗೇಮ್ಸ್ ಡನ್ ಕ್ವಿಕ್ ಎಂಬ ಕೂಟ ನಡೆಯುತ್ತಿದೆ. ಅಲ್ಲಿ ಆಟಗಾರರು ಆಟಗಳನ್ನು ಸಾಧ್ಯವಾದಷ್ಟು ಬೇಗ ಮುಗಿಸುತ್ತಾರೆ, ನೋಡುವವರು ಕೊಡುವ ಹಣ ದತ್ತಿ ಕೆಲಸಕ್ಕೆ ಹೋಗುತ್ತದೆ. ನಾನು ತಿಂಗಳುಗಟ್ಟಲೆ ಒದ್ದಾಡಿದ ತಗ್ಗನ್ನು ಅಲ್ಲಿ ಒಬ್ಬ ಕಣ್ಣು ಮುಚ್ಚಿಕೊಂಡು ದಾಟಿದಾಗ ಎದೆ ತುಂಬಿ ಬರುತ್ತದೆ. ನಾನು ಒದ್ದಾಡಿರದಿದ್ದರೆ ಅದು ಒಂದು ಜಿಗಿತ ಅಷ್ಟೇ ಆಗಿರುತ್ತಿತ್ತು.

ಮಗು ಆಡುವಾಗ ನಾನು ಏನು ಮಾಡಲಿ?

ಪಕ್ಕದಲ್ಲಿ ಕೂರಿ. "ಹಾರು, ಹಾರು" ಅಂತ ಕೂಗಬೇಡಿ. ಕೈಯಿಂದ ಕಂಟ್ರೋಲರ್ ಕಸಿದು "ಹಿಂಗ ಆಡಬೇಕು" ಅಂತ ತೋರಿಸಬೇಡಿ. ಒಂದು ಸರದಿ ನೀವೂ ತಗೊಳ್ಳಿ, ಮಗುವಿನ ಮುಂದೆ ಸೋಲಿರಿ. ಅಪ್ಪನೂ ತಗ್ಗಿಗೆ ಬೀಳುತ್ತಾನೆ ಅಂತ ಕಂಡ ಮಗುವಿಗೆ ಬೀಳುವ ಹೆದರಿಕೆ ಅರ್ಧ ಇಳಿಯುತ್ತದೆ.

ನಿಮ್ಮಲ್ಲಿಗೆ ಬಂದರೆ ಮೊದಲ ದಿನ ಏನು ಆಡಿಸುತ್ತೀರಿ?

ಏನನ್ನೂ ಒತ್ತಾಯ ಮಾಡುವುದಿಲ್ಲ. ಚಪ್ಪಲಿ ಕಟ್ಟೆಯ ಕೆಳಗೆ ಬಿಡಿ, ಕೈ ತೊಳೆದುಕೊಳ್ಳಿ, ಚುರುಮುರಿಯ ಎಣ್ಣೆ ಬಟನ್‌ಗಳಿಗೆ ಹತ್ತುತ್ತದೆ. ಖಾಲಿ ಇರುವ ಕಂಟ್ರೋಲರ್ ನಿಮ್ಮದು. ಎಷ್ಟು ಸಲ ಸತ್ತರೂ ಯಾರೂ ನಗುವ ಹಾಗಿಲ್ಲ, ಅದೊಂದೇ ನಿಯಮ. ಆರು ಗಂಟೆ ಸುಮಾರಿಗೆ ಕರೆಂಟ್ ಹೋದರೆ ಮಕ್ಕಳು ಸೀಮೆಸುಣ್ಣದಿಂದ ಪಡಸಾಲೆಯ ನೆಲದ ಮೇಲೆ ಚೌಕಾಬಾರಾ ಮನೆ ಬರೆಯುತ್ತಾರೆ. ಕವಡೆ ಅವ್ವನ ಬಳಿ ಇವೆ. ಅವರನ್ನು ಕೇಳಿ ಇಸಿದುಕೊಳ್ಳಬೇಕು, ಮತ್ತು ಮೊದಲ ಸರದಿ ಅವರಿಗೇ ಕೊಡಬೇಕು.